ಬೆನ್ನಿನ ತಗಡು

ಒಡವೆ ರಿಪೇರಿಯವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಕೆಟ್ಟ ಚಾಳಿ. ಎದುರಿಗೆ ಯಾರೇ ಬಂದರೂ ಮೊದಲು ಮುಖ ನೋಡುವುದಿಲ್ಲ, ಕಿವಿ ನೋಡುತ್ತೇವೆ. ಅವತ್ತು ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಹೆಂಗಸಿನ ಕಿವಿ ಬೋಳಾಗಿತ್ತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ದುಬಾರಿ ಚಪ್ಪಲಿ, ಕೈಯಲ್ಲಿ ಮೊಬೈಲು. ಕೈಚೀಲದಿಂದ ಒಂದು ಹಳೆಯ ಮಖಮಲ್ಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳದ ಮೂಲೆಯಲ್ಲಿ ಬಟ್ಟೆ ಹರಿದು ಮರ ಕಾಣುತ್ತಿತ್ತು. ಆ ಹರಿದ ಮೂಲೆ ನೋಡಿಯೇ ಅದು ಯಾವ ಡಬ್ಬಿ ಎಂದು ನನಗೆ ಗುರುತು ಹತ್ತಿತು.

ಡಬ್ಬಿಯಲ್ಲಿ ಒಂದು ಜೊತೆ ಓಲೆ. ಒಂದು ಇಡಿಯಾಗಿತ್ತು: ನಡುವೆ ಹೆಬ್ಬೆರಳ ಉಗುರಿನಷ್ಟು ಅಗಲದ ನೀಲ, ಸುತ್ತಲೂ ಹದಿನಾಲ್ಕು ಹಳೇ ಕಾಲದ ವಜ್ರ, ಹಿಂದುಗಡೆ ಪೂರ್ತಿ ಮುಚ್ಚಿದ ಚಿನ್ನದ ಬೆನ್ನು. ಇನ್ನೊಂದು ಬಿಚ್ಚಿದ್ದು. ವಜ್ರಗಳ ಚೌಕಟ್ಟು ಒಂದು ಕಡೆ, ಬೆನ್ನಿನ ತಗಡು ಒಂದು ಕಡೆ, ಮಡಿಸಿದ ಕಾಗದದಲ್ಲಿ ಬಿಡಿ ನೀಲ. ಮೂವತ್ತೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲಿಂದ ಹೇಗೆ ಬಾಚಿಕೊಂಡು ಹೋಗಿದ್ದರೋ ಹಾಗೆಯೇ ಇತ್ತು.

"ಇದು ನಮ್ಮಜ್ಜಿದು," ಅಂದಳು. "ಮಾರೋಣ ಅಂತ. ಕೊಳ್ಳೋರು, ಕಲ್ಲು ಯಾವ ಗಣಿದು ಅಂತ ಪರೀಕ್ಷೆ ಮಾಡಿಸಿ ಕಾಗದ ತನ್ನಿ ಅಂತಾರೆ. ಹಳೇ ಗಣಿದು ಅಂತ ಗೊತ್ತಾದ್ರೆ ಬೆಲೆನೇ ಬೇರೆಯಂತೆ. ಪರೀಕ್ಷೆಗೆ ಕಲ್ಲು ಬಿಡಿಯಾಗಿ ಬೇಕಂತೆ. ಈ ಒಳ್ಳೇದನ್ನ ಬಿಚ್ಚಿಕೊಡಿ. ಇನ್ನೊಂದರ ಕಲ್ಲು ಅಸಲಿ ಅಲ್ಲ, ಅದಿರಲಿ."

"ಅಸಲಿ ಅಲ್ಲ ಅಂತ ಯಾರು ಹೇಳಿದ್ದು?"

"ಎಲ್ಲರಿಗೂ ಗೊತ್ತಲ್ಲ. ಇಲ್ಲಿ ಕೆಲಸಕ್ಕಿದ್ದ ಯಾರೋ ಹುಡುಗ ದಪ್ಪ ಕಲ್ಲು ತೆಗೆದು ತೆಳ್ಳಗಿರೋದನ್ನ ಇಟ್ಟುಬಿಟ್ಟನಂತೆ."

"ಯಾರೋ ಹುಡುಗ ಅಲ್ಲ. ನಮ್ಮಣ್ಣ," ಅಂದೆ.

ಅವಳು ಮೊಬೈಲಿನ ಕಡೆ ನೋಡಿದಳು. ಅದರಲ್ಲಿ ಏನೂ ಬಂದಿರಲಿಲ್ಲ. ನನ್ನ ನಾಲಿಗೆ ಮೊದಲಿನಿಂದಲೂ ಹೀಗೇ; ಅಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಮೆಣಸಿನಕಾಯಿ ಎಂದೇ ಕರೆಯುತ್ತಿದ್ದ.

"ನನಗೆ ಗೊತ್ತಿರಲಿಲ್ಲ," ಅಂದು ಅವಳು ಎರಡು ಕಾಗದ ಮುಂದಿಟ್ಟಳು. "ನಿಮ್ಮ ತಂದೆಯವರೇ ಬರೆದುಕೊಟ್ಟಿದ್ದು. ಅಜ್ಜಿ ಡಬ್ಬಿಯಲ್ಲೇ ಇಟ್ಟಿದ್ದರು."

ಮೊದಲನೆಯದು ನನಗೆ ಬಾಯಿಪಾಠ. ಆ ವರ್ಷದ ಒಂದನೇ ತಿಂಗಳದ್ದು. ಬಲಗಿವಿಯ ಓಲೆ, ಕೊಂಡಿ ಸಡಿಲ, ನಡುವಿನ ನೀಲ ಏಳು ಕ್ಯಾರೆಟ್. ಎರಡನೆಯದನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕನೇ ತಿಂಗಳದ್ದು. "ಎಡಗಿವಿಯ ಓಲೆ. ನೀಲ ಏಳು ಕ್ಯಾರೆಟ್. ಬೆನ್ನು ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಯಾರೂ ತೆರೆದಿಲ್ಲ." ಕೆಳಗೆ ಅಪ್ಪನ ಸಹಿ, ಎಂದಿನ ಹಾಗೆ ಉದ್ದನೆಯ ಬಾಲದ್ದು.

ನಾಳೆ ಸಂಜೆ ಬನ್ನಿ ಎಂದು ಕಳಿಸಿದೆ.

ನಮ್ಮಪ್ಪನಿಗೆ ಊರಿಟ್ಟ ಅಡ್ಡಹೆಸರು ತಕ್ಕಡಿಕಣ್ಣು. ಅಂಗಡಿಯ ಬೋರ್ಡಿನ ಮೇಲೂ ಒಂದು ಕಣ್ಣು, ಅದರೊಳಗೆ ತಕ್ಕಡಿ ಬರೆಸಿದ್ದರು. ಬಿಡಿ ಕಲ್ಲನ್ನು ಯಾರು ಬೇಕಾದರೂ ತೂಗಬಹುದು. ಹಳೆಯ ಒಡವೆಯ ಕಲ್ಲು ಹಾಗಲ್ಲ, ಅದರ ಮುಖ ಮಾತ್ರ ಕಾಣುತ್ತದೆ. ಹೊಟ್ಟೆ ಬೆನ್ನೆಲ್ಲ ಚಿನ್ನದ ಗೂಡಿನೊಳಗೆ. ಎಷ್ಟು ಆಳವಿದೆ ಎಂದು ಅಂದಾಜು ಮಾಡಬೇಕು. ಅಪ್ಪ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಒಡವೆಯನ್ನು ಎರಡು ಸಲ ವಾಲಿಸಿ, ಇಷ್ಟು ಎಂದುಬಿಡುತ್ತಿದ್ದರು. ಬಿಚ್ಚಿ ತೂಗಿದರೆ ಕೂದಲೆಳೆಯಷ್ಟು ವ್ಯತ್ಯಾಸ. ದೂರದೂರದಿಂದ ಜನ ಬಂದು ಅವರ ಕೈಯಲ್ಲಿ ಬರೆಸಿಕೊಂಡು ಹೋಗುತ್ತಿದ್ದರು. ಬರೆದದ್ದನ್ನು ಅವರು ಒಂದು ಸಲವೂ ಹೊಡೆದು ಹಾಕಿ ತಿದ್ದಿದವರಲ್ಲ, ಅದರ ಜಂಬ ಅವರಿಗೆ ಬಹಳವಿತ್ತು.

ನಮ್ಮ ಕಸುಬಿನಲ್ಲಿ ಇನ್ನೊಂದು ಕಟ್ಟಳೆಯಿದೆ. ಮುಚ್ಚಿದ ಬೆನ್ನನ್ನು ಯಾರು ಬಿಚ್ಚುತ್ತಾರೋ ಅವರು ಮತ್ತೆ ಮುಚ್ಚುವ ಮೊದಲು ತಗಡಿನ ಒಳಮೈಯಲ್ಲಿ ತಮ್ಮ ಗುರುತು, ತಿಂಗಳು, ವರ್ಷ ಕೊರೆಯಬೇಕು. ಮುಂದೆ ಐವತ್ತು ವರ್ಷಕ್ಕೋ ನೂರು ವರ್ಷಕ್ಕೋ ಬಿಚ್ಚುವವನಿಗೆ, ಇದನ್ನು ಯಾರು ಮುಟ್ಟಿದ್ದರು ಎಂದು ತಿಳಿಯಬೇಕಲ್ಲ. ಅಪ್ಪನ ಗುರುತು ಒಂದು ಅಡ್ಡಗೆರೆ, ಅದರ ಕೆಳಗೆ ಎರಡು ಚುಕ್ಕಿ, ತಕ್ಕಡಿಯ ಲೆಕ್ಕದಲ್ಲಿ. ಅಣ್ಣ ಇಪ್ಪತ್ತನಾಲ್ಕಕ್ಕೆ ತನ್ನದೊಂದು ಗುರುತು ಮಾಡಿಕೊಂಡಿದ್ದ: ಉದ್ದಕ್ಕೆ ಒಂದು ಗೆರೆ, ತಲೆಯ ಮೇಲೊಂದು ಚುಕ್ಕಿ. "ಇದ್ಯಾವ ಗುರುತೋ?" ಎಂದಿದ್ದೆ. "ನಾನೇ ಕಣೇ. ಉದ್ದ ಮೈ, ಸಣ್ಣ ತಲೆ," ಎಂದಿದ್ದ. ಅಪ್ಪನಿಗೆ ಇನ್ನೂ ತೋರಿಸಿರಲಿಲ್ಲ; ಅದನ್ನು ಹಾಕುವುದಕ್ಕೆ ಅವನಿಗೆ ಒಂದು ಒಡವೆಯೂ ಸಿಕ್ಕಿರಲಿಲ್ಲ. ಅಪ್ಪ ಅವನಿಗೆ ಬಿಚ್ಚಲು ಕೊಟ್ಟ ಮೊದಲ ಹಳೆಯ ಒಡವೆಯೇ ಈ ಬಲಗಿವಿಯ ಓಲೆ. ಕೊಂಡಿ ಬೆಸೆಯುವಾಗ ಕಲ್ಲಿಗೆ ಬಿಸಿ ತಾಗಬಾರದಲ್ಲ.

ಬೆಳಿಗ್ಗೆ ಹತ್ತು ಗಂಟೆ. ನಾನು ಪಕ್ಕದಲ್ಲೇ ಕೊಂಡಿ ಉಜ್ಜುತ್ತಾ ಕೂತಿದ್ದೆ. ಅಣ್ಣ ಬೆನ್ನಿನ ತಗಡು ಎಬ್ಬಿಸಿ, ಕಲ್ಲಿನ ಹಿಂದೆ ಹೊಳಪಿಗೆಂದು ಇಟ್ಟಿದ್ದ ತೆಳು ಲೋಹದ ಹಾಳೆ ಸರಿಸಿ, ಕಲ್ಲನ್ನು ತಕ್ಕಡಿಗೆ ಹಾಕಿ, ತೆಗೆದು, ಮತ್ತೆ ಹಾಕಿದ. ಮೂರೂಕಾಲು ಕ್ಯಾರೆಟ್. ಅಗಲವೇನೋ ಇತ್ತು, ಆಳವೇ ಇರಲಿಲ್ಲ, ಹಪ್ಪಳದ ಹಾಗಿತ್ತು. ಮುಂದೆ ಅಂಗಡಿಯಲ್ಲಿ ಯಜಮಾನಿ, ಎಂದರೆ ಈಗ ಬಂದವಳ ಅಜ್ಜಿ, ಕುರ್ಚಿಯಲ್ಲಿ ಕಾಯುತ್ತಾ ಕೂತಿದ್ದರು. ಅಣ್ಣ ಪಾಪ, ಎದ್ದು ಹೋಗಿ ಅವರ ಎದುರಿಗೇ ಹೇಳಿಬಿಟ್ಟ: "ಅಪ್ಪ, ಇದು ಏಳಿಲ್ಲ."

ಅದೊಂದೇ ಅವನು ಮಾಡಿದ ತಪ್ಪು. ನನ್ನನ್ನು ಕೇಳಿದ್ದರೆ ಬಾಯಿ ಮುಚ್ಚಿಕೊಂಡು ಅಪ್ಪನನ್ನು ಒಳಗೆ ಕರೆ ಎನ್ನುತ್ತಿದ್ದೆ.

ಅಪ್ಪ ಕಲ್ಲು ನೋಡಿದರು, ಕಾಗದ ನೋಡಿದರು. ಆಮೇಲೆ ಮಗನ ಮುಖ ನೋಡಿ, "ಇದು ಆ ಕಲ್ಲಲ್ಲ," ಅಂದರು.

ಯಜಮಾನಿ ಕೂಗಾಡಲಿಲ್ಲ. ಎಲ್ಲವನ್ನೂ ಡಬ್ಬಿಗೆ ಬಾಚಿಕೊಂಡರು. ಅಣ್ಣ ಅವರ ಹಿಂದೆ ಬೀದಿಯವರೆಗೂ ಹೋಗಿ, "ಇನ್ನೊಂದು ಓಲೆ ಬಿಚ್ಚಿಸಿ ನೋಡಿ, ಅದೂ ಹೀಗೇ ಇರುತ್ತೆ, ಒಂದು ಸಲ ನೋಡಿ" ಎಂದು ಅಂಗಲಾಚಿದ. ಕಳ್ಳರ ಮನೆಗೆ ಎರಡನೆಯದನ್ನೂ ತಂದುಕೊಡುವಷ್ಟು ದಡ್ಡಿಯಲ್ಲ ನಾನು ಅಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು.

ಹದಿನೈದು ದಿನ ಕಳೆದು, ಎರಡನೇ ತಿಂಗಳಲ್ಲಿ, ಅಪ್ಪ ತೀರ್ಮಾನ ಹೇಳಿದರು. "ಏಳು ಕ್ಯಾರೆಟ್ ನೀಲ ತಂದು ಈ ಮೇಜಿನ ಮೇಲಿಡು. ಅಲ್ಲೀವರೆಗೆ ಈ ಹೊಸ್ತಿಲು ತುಳೀಬೇಡ." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪನ ಕಣ್ಣು ತಪ್ಪುವುದಿಲ್ಲ ಎನ್ನುವುದನ್ನು ಅವಳು ಮದುವೆಯಾದ ದಿನದಿಂದ ನಂಬಿದ್ದಳು. ನಾನೂ ನಂಬಿದ್ದೆ. ಈಗ ಒಳ್ಳೆಯವಳ ಹಾಗೆ ಹೇಳಿಕೊಳ್ಳುವುದು ಬೇಡ. ಪಕ್ಕದಲ್ಲೇ ಕೂತು ಅವನ ಎರಡು ಕೈಯನ್ನೂ ನೋಡುತ್ತಿದ್ದ ನಾನೇ, ಒಂದು ಗಳಿಗೆ ನಾನು ತಲೆ ತಗ್ಗಿಸಿದ್ದಾಗ ಬದಲಾಯಿಸಿರಬಹುದೇನೋ ಎಂದು ಯೋಚಿಸಿದವಳು.

ಅಣ್ಣ ನೀಲದ ಗಣಿಗೆ ಹೋದ. ಗಣಿ ಎಂದರೆ ದೊಡ್ಡ ಸುರಂಗವೇನಲ್ಲ ಎಂದು ಬರೆದಿದ್ದ. "ಕಲ್ಲು ಹುಟ್ಟೋದು ಎಲ್ಲೋ ಮೇಲೆ ಬೆಟ್ಟದಲ್ಲಿ. ಹೊಳೆ ಅದನ್ನ ಉರುಳಿಸಿಕೊಂಡು ಬಂದು ಇಲ್ಲಿ ಗದ್ದೆ ಕೆಳಗೆ ಜಲ್ಲಿ ಜೊತೆ ಹೂತುಹಾಕಿದೆ. ನಾವು ಹತ್ತಾಳುದ್ದ ಗುಂಡಿ ತೋಡಿ ಜಲ್ಲಿ ಎತ್ತಿ ಬುಟ್ಟಿಯಲ್ಲಿ ತೊಳೀತೀವಿ. ಸಾವಿರ ಬುಟ್ಟಿ ತೊಳೆದರೆ ಒಂದು ಸಿಗುತ್ತೆ. ಸಿಕ್ಕಿದ್ದು ಸಾಸಿವೆಯಷ್ಟಿರುತ್ತೆ. ಗುಂಡಿ ಗೋಡೆಗೆ ಕೊಂಬೆ ಆನಿಸಿರ್ತಾರೆ. ರಾತ್ರಿ ಹಗಲು ಪಂಪು ನೀರು ಎಳೀತಿರುತ್ತೆ, ಅದು ನಿಂತರೆ ಎಲ್ಲರೂ ಮೇಲೆ ಓಡಿಬರಬೇಕು." ಅಪ್ಪನಿಗೆ ಬರೆದ ಕಾಗದಗಳನ್ನು ಅಪ್ಪ ಓದಿ ಮಡಿಸಿಡುತ್ತಿದ್ದರು. ನನಗೆ ಬೇರೆಯಾಗಿ ಬಂದದ್ದು ಒಂದೇ, ಹತ್ತನೇ ತಿಂಗಳಲ್ಲಿ. ಕೊನೆಯಲ್ಲಿ ಹೀಗಿತ್ತು: "ಮೆಣಸಿನಕಾಯಿ, ನೀನು ಪಕ್ಕದಲ್ಲೇ ಇದ್ದೆ. ನೀನಾದರೂ ನಂಬ್ತೀಯಲ್ಲ?"

ಏನು ಬರೆಯಬೇಕೆಂದು ತಿಳಿಯದೆ ನಾನು ಉತ್ತರ ಬರೆಯಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಪಂಪು ನಿಂತು ಗುಂಡಿ ಕುಸಿಯಿತು. ಮೂವರು ಒಳಗಿದ್ದರು. ಮೇಲೆ ತೆಗೆಯಲಾಗಲಿಲ್ಲ ಎಂದು ಜೊತೆಗಾರನೊಬ್ಬ ಬರೆದ. ಅಮ್ಮ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದಳು. ಸಾಯುವ ವಾರ ನನ್ನ ಕೈ ಹಿಡಿದು, "ನಾನು ಅವನನ್ನ ಸರಿಯಾಗಿ ಬೆಳೆಸಲಿಲ್ಲ ಕಣೇ," ಅಂದಳು. ಆಗಲೂ ನಾನು ಎದುರು ಮಾತಾಡಲಿಲ್ಲ.

ಡಬ್ಬಿ ಬಂದದ್ದನ್ನು ಅಪ್ಪನಿಗೆ ಹೇಳಲು ಒಳಗೆ ಹೋದೆ. ಅಪ್ಪನಿಗೀಗ ಎಂಬತ್ತನಾಲ್ಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚವೇ ಅವರ ಪ್ರಪಂಚ. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಮಾತ್ರ ಕಣ್ಣು ಇನ್ನೂ ಹಾಗೇ ಇದೆ.

"ಎಡಗಿವಿದು ಬಿಚ್ಚಬೇಕಂತೆ," ಅಂದೆ.

ಅವರು ಲೋಟ ಕೆಳಗಿಡಲು ಹೋಗಿ ಮಂಚದ ಅಂಚಿಗೆ ತಗುಲಿಸಿದರು. ನೀರು ಚೆಲ್ಲಿತು. "ಬೇಡ," ಅಂದರು. "ಮುಚ್ಚಿದ ಒಡವೆ ಬಿಚ್ಚಿದ್ರೆ ಒಳಗಿನ ಹಾಳೆ ಕಪ್ಪಾಗುತ್ತೆ. ವಾಪಸ್ ಕೊಟ್ಟುಬಿಡು."

"ಹಾಳೆ ಕಪ್ಪಾಗೋದು ನೀರು ಹೋದ್ರೆ. ನನಗೆ ಕಸುಬು ಕಲಿಸಿದವರು ನೀವೇ ಅಲ್ವಾ?"

"ಬೇಡ ಅಂದೆನಲ್ಲ."

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಜೀವಮಾನವೆಲ್ಲ ಗದರಿಸಿಕೊಂಡೇ ಬೆಳೆದವಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ನೀರು ಒರೆಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಓಲೆಯನ್ನು ಅರಗಿನ ಮೇಲೆ ಮುಖ ಕೆಳಗಾಗಿ ಕೂರಿಸಿ, ಸಣ್ಣ ಉಳಿಯಿಂದ ಬೆನ್ನಿನ ಅಂಚನ್ನು ಸುತ್ತಲೂ ಎಬ್ಬಿಸಿದೆ. ಅರ್ಧ ಗಂಟೆ ಹಿಡಿಯಿತು. ತಗಡು ಕಳಚಿ ಬಂತು. ಒಳಗೆ ತೆಳು ಲೋಹದ ನೀಲಿ ಹಾಳೆ, ಅದರ ಕೆಳಗೆ ಕಲ್ಲು. ಚಿಮುಟದಲ್ಲಿ ಎತ್ತುವಾಗಲೇ ತಿಳಿಯಿತು. ಆದರೂ ತಕ್ಕಡಿಗೆ ಹಾಕಿದೆ. ಮೂರೂಕಾಲಿಗಿಂತ ಒಂದು ಎಳೆ ಹೆಚ್ಚು.

ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹಾಳೆಯ ಬಣ್ಣ ಬಿಟ್ಟು ನೋಡಿದರೆ ಕಲ್ಲಿನದು ತಿಳಿನೀಲಿ. ಒಂದು ಅಂಚಿನಿಂದ ಒಳಕ್ಕೆ ಬಿಳಿಯ ಗರಿಯಂಥ ಸೀಳು ಹೋಗಿತ್ತು. ಕಳ್ಳಮಾಲು ಎನಿಸಿಕೊಂಡ ಆ ಇನ್ನೊಂದು ಕಲ್ಲನ್ನು ಕಾಗದದಿಂದ ತೆಗೆದೆ. ಅದರಲ್ಲೂ ಗರಿ, ಅದೇ ಜಾಗದಲ್ಲಿ, ತಿರುವುಮುರುವಾಗಿ. ಎರಡರ ಬೆನ್ನಿಗೆ ಬೆನ್ನು ಸೇರಿಸಿ ಹಿಡಿದಾಗ ಅರ್ಧ ಗರಿಗೆ ಅರ್ಧ ಗರಿ ಕೂಡಿಕೊಂಡಿತು. ನೂರಾರು ವರ್ಷದ ಹಿಂದೆ ಯಾವನೋ ಅಕ್ಕಸಾಲಿಗ, ಹೊಂದುವ ಜೋಡಿ ಸಿಗದೆ, ಒಂದೇ ನೀಲವನ್ನು ಅಡ್ಡಕ್ಕೆ ಸೀಳಿ ಎರಡು ಮಾಡಿದ್ದ. ತೆಳುವಾದದ್ದು ಕಾಣದಿರಲಿ ಎಂದು ಹಿಂದೆ ನೀಲಿ ಹಾಳೆ ಇಟ್ಟು ಬೆನ್ನು ಮುಚ್ಚಿದ್ದ. ಅಪ್ಪ ಕಲ್ಲಿನ ಆಳ ಎಂದುಕೊಂಡು ತೂಗಿದ್ದು ಆ ಹಾಳೆಯ ಬಣ್ಣವನ್ನು. ಅಣ್ಣ ಏನನ್ನೂ ಬದಲಾಯಿಸಿರಲಿಲ್ಲ.

ನನಗೆ ಆಗ ಅಳು ಬರಲಿಲ್ಲ, ಸಂತೋಷವಾಯಿತು. ನಿಜ ಹೇಳುತ್ತಿದ್ದೇನೆ. ಅಪ್ಪ ತಪ್ಪು ಮಾಡಿದ್ದರು, ತಿಳಿಯದೆ ಮಾಡಿದ್ದರು. ಒಳಗೆ ಓಡಿಹೋಗಿ, ಅಪ್ಪ, ನಮ್ಮವನು ಕಳ್ಳನಲ್ಲ ಎಂದು ಹೇಳಿ, ಇಬ್ಬರೂ ಕೂತು ಅತ್ತುಬಿಡಬಹುದು ಅನ್ನಿಸಿತು. ಎದ್ದೂಬಿಟ್ಟಿದ್ದೆ. ಕೈಯಲ್ಲಿ ಬೆನ್ನಿನ ತಗಡು ಇತ್ತು. ಅಭ್ಯಾಸಬಲದಿಂದ ಅದನ್ನು ಮಗುಚಿ ಒಳಮೈ ನೋಡಿದೆ.

ಅಡ್ಡಗೆರೆ, ಎರಡು ಚುಕ್ಕಿ. ಪಕ್ಕದಲ್ಲಿ ನಾಲ್ಕನೇ ತಿಂಗಳು, ಆ ವರ್ಷ.

ಮತ್ತೆ ಕೂತುಕೊಂಡೆ. ಎರಡನೇ ತಿಂಗಳಲ್ಲಿ ಅಣ್ಣನನ್ನು ಕಳಿಸಿದ್ದು. ನಾಲ್ಕನೇ ತಿಂಗಳಲ್ಲಿ ನಾನು, ಅಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೆವು. ಅಮ್ಮನಿಗೆ ಮೈ ಸರಿಯಿರಲಿಲ್ಲ. ಮಗನನ್ನೇ ಹೊರಗೆ ಹಾಕಿದರಲ್ಲ ಎಂಬ ನಂಬಿಕೆಯಿಂದ ಯಜಮಾನಿ ಬಂದು, ಇದಾದರೂ ನೆಟ್ಟಗಿದೆಯೋ ನೋಡಿ ಎಂದು ಎಡಗಿವಿಯದನ್ನು ಕೊಟ್ಟಿರಬೇಕು. ಅಪ್ಪ ಬಿಚ್ಚಿದ್ದಾರೆ, ನೋಡಿದ್ದಾರೆ, ಮುಚ್ಚಿದ್ದಾರೆ. ಯಾರೂ ತೆರೆದಿಲ್ಲ ಎಂದು ಬರೆದು ಸಹಿ ಹಾಕಿದ್ದಾರೆ. ಗುಂಡಿ ಕುಸಿದದ್ದು ಹನ್ನೊಂದನೇ ತಿಂಗಳಲ್ಲಿ. ನಡುವೆ ಏಳು ತಿಂಗಳು. ಒಂದು ಕಾಗದ ಅಲ್ಲಿಗೆ ತಲುಪಲು ಒಂಬತ್ತು ದಿನ ಸಾಕಾಗುತ್ತಿತ್ತು.

ಒಳಗೆ ಹೋದಾಗ ಅಪ್ಪ ಎದ್ದು ಕೂತಿದ್ದರು.

"ಬಿಚ್ಚಿದ್ಯಾ?"

"ಬಿಚ್ಚಿದೆ."

"ಗುರುತು ನೋಡಿದ್ಯಾ?"

"ನೋಡಿದೆ. ಯಾಕೆ ಹಾಕಿದ್ರಿ? ಅಷ್ಟೆಲ್ಲಾ ಸುಳ್ಳು ಬರೆದವರು, ಅದೊಂದನ್ನ ಬಿಟ್ಟಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ."

"ಗುರುತು ಹಾಕದೆ ಮುಚ್ಚಬಾರದು," ಅಂದರು.

"ನೀನು ಮನುಷ್ಯನಾ?" ಅಂದೆ. ಐವತ್ತೆರಡು ವರ್ಷದಲ್ಲಿ ಅಪ್ಪನನ್ನು ನೀನು ಎಂದದ್ದು ಅದೇ ಮೊದಲು. "ತಗಡಿಗೆ ಕೊಟ್ಟ ಮರ್ಯಾದೆ ಮಗನಿಗೆ ಕೊಡಲಿಲ್ವಲ್ಲ. ಬಾ ಅಂತ ಎರಡಕ್ಷರ ಬರೆಯೋಕೆ ನಿನ್ನ ಕೈಗೆ ಏನಾಗಿತ್ತು?"

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಒಂದು ತಪ್ಪು ಅಂತ ಒಪ್ಪಿಕೊಂಡಿದ್ರೆ, ಬರೆದುಕೊಟ್ಟಿದ್ದೆಲ್ಲಾ ವಾಪಸ್ ಬರ್ತಿತ್ತು," ಅಂದರು. "ಎಲ್ಲರೂ ಬಿಚ್ಚಿ ನೋಡಿ ಅಂತಿದ್ರು. ಅಂಗಡಿ ಹೋಗ್ತಿತ್ತು. ನಿನ್ನ ಅಮ್ಮ, ನೀನು..."

"ನನ್ನ ಹೆಸರು ಎತ್ತಬೇಡ."

"ಬಂದ ಮೇಲೆ ಹೇಳೋಣ ಅಂತಿದ್ದೆ. ಒಂದು ಕಲ್ಲು ಸಿಗ್ತಿತ್ತು, ಬರ್ತಿದ್ದ. ಆಮೇಲೆ ಅವನೊಬ್ಬನಿಗೇ ಹೇಳಿದ್ರಾಯ್ತು ಅಂತ."

ನಾನು ಅವರನ್ನು ಅಲ್ಲೇ ಬಿಟ್ಟು ಬಂದೆ. ಹೊರಗೆ ಬಂದು ಒಂದು ಬಿಳಿ ಕಾಗದ ತೆಗೆದುಕೊಂಡೆ. ಹಿಂದಿನ ಎರಡೂ ಕಾಗದಗಳ ತೂಕ ತಪ್ಪು. ಎರಡೂ ಕಲ್ಲು ಅಸಲಿ, ಒಂದೇ ಕಲ್ಲಿನ ಎರಡು ಹೋಳು. ಈ ಅಂಗಡಿಯಲ್ಲಿ ಯಾವ ಕಲ್ಲನ್ನೂ ಯಾರೂ ಬದಲಾಯಿಸಿಲ್ಲ. ಇಷ್ಟನ್ನು ಬರೆದು ನನ್ನ ಸಹಿ ಹಾಕಿದೆ.

ಮರುದಿನ ಸಂಜೆ ಅವಳು ಬಂದಳು. ಕಾಗದವನ್ನು ಎರಡು ಸಲ ಓದಿದಳು.

"ಹಾಗಾದರೆ ಏಳು ಇಲ್ಲವೇ ಇಲ್ಲ," ಅಂದಳು.

"ಇಲ್ಲ."

"ಗಣಿ ಯಾವುದು ಅಂತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ, ಇಷ್ಟು ತೆಳ್ಳಗಿದ್ದರೂ?"

"ಗೊತ್ತಾಗುತ್ತೆ. ಒಳಗಿನ ಗರಿ ನೋಡಿ ಯಾವ ಹೊಳೆ, ಯಾವ ಜಲ್ಲಿ ಅಂತ ಹೇಳ್ತಾರೆ. ಆ ಜಲ್ಲಿ ಕೆಳಗೆ ಯಾರು ಮಲಗಿದ್ದಾರೆ ಅಂತ ಬರೆಯೋದಿಲ್ಲ."

ಅವಳು ನನ್ನನ್ನು ನೋಡಿದಳು. ಕೆಟ್ಟವಳಲ್ಲ. "ನಮ್ಮಜ್ಜಿ ಸತ್ತು ಹನ್ನೆರಡು ವರ್ಷ ಆಯ್ತು," ಅಂದಳು. "ಈಗ ಯಾರಿಗೆ ಅಂತ ಹೇಳಲಿ?"

"ನೀವು ಇಲ್ಲಿಗೆ ಬಂದು, ಯಾರೋ ಹುಡುಗ ಕದ್ದ ಅಂತ ನನಗೆ ಹೇಳಿದ್ರಲ್ಲ. ನಿಮಗೆ ಯಾರು ಹೇಳಿದ್ರೋ, ಅವರಿಗೆ ಹೇಳಿ."

ಓದಿದ್ದೇನೆ ಎಂದು ಕಾಗದದ ಅಡಿಯಲ್ಲಿ ಅವಳು ಸಹಿ ಮಾಡಿದಳು. ಅದರ ಒಂದು ನಕಲನ್ನು ಅಂಗಡಿಯ ಗಾಜಿಗೆ ಒಳಗಿನಿಂದ ಅಂಟಿಸಿದೆ, ಬೀದಿಯವರು ಓದಲಿ ಎಂದು. ವಾರದೊಳಗೆ ಹಳೆಯ ಕಾಗದಗಳನ್ನು ಹಿಡಿದುಕೊಂಡು ಜನ ಬರತೊಡಗಿದರು. ಬಂದವರದ್ದನ್ನೆಲ್ಲ ಬಿಚ್ಚಿ ತೂಗಿಕೊಡುತ್ತಿದ್ದೇನೆ. ಮುಕ್ಕಾಲುಪಾಲು ಸರಿಯಾಗಿಯೇ ಇವೆ. ಒಂದು ತಪ್ಪು ಒಪ್ಪಿಕೊಂಡಿದ್ದರೂ ಅಂಗಡಿ ಉಳಿಯುತ್ತಿತ್ತು ಎನ್ನುವುದು ಇನ್ನೂ ಹೆಚ್ಚು ಸಂಕಟ ಕೊಡುತ್ತದೆ.

ಬೋರ್ಡು ಇಳಿಸಿದ್ದೇನೆ. ಅದು ಅಪ್ಪನಿಗೆ ಕಾಣುವುದಿಲ್ಲ, ನಾನು ಹೇಳಿಯೂ ಇಲ್ಲ. ಅವರಿಗೆ ಊಟ ಕೊಡುತ್ತೇನೆ, ಬಟ್ಟೆ ಬದಲಾಯಿಸುತ್ತೇನೆ, ಮಾತಾಡುವುದಿಲ್ಲ.

ಪರೀಕ್ಷೆ ಮುಗಿದು ಕಲ್ಲುಗಳು ವಾಪಸ್ಸು ಬಂದವು. ಎರಡನ್ನೂ ಮತ್ತೆ ಕೂರಿಸಿ ಮುಚ್ಚುವ ಕೆಲಸವನ್ನು ಅವಳು ನನಗೇ ಕೊಟ್ಟಳು. ಎಡಗಿವಿಯ ತಗಡಿನಲ್ಲಿ ಅಪ್ಪನ ಗುರುತಿನ ಕೆಳಗೆ ನನ್ನದನ್ನು ಕೊರೆದೆ. ಬಲಗಿವಿಯ ತಗಡಿನ ಒಳಮೈ ನುಣ್ಣಗೆ ಖಾಲಿಯಿತ್ತು. ಬಿಚ್ಚಿದವನಿಗೆ ಮುಚ್ಚಲು ಬಿಟ್ಟಿರಲಿಲ್ಲವಲ್ಲ. ಅದರ ಮೇಲೆ ಉದ್ದಕ್ಕೊಂದು ಗೆರೆ, ತಲೆಯ ಮೇಲೊಂದು ಚುಕ್ಕಿ, ಒಂದನೇ ತಿಂಗಳು, ಆ ವರ್ಷ. ಅದರ ಕೆಳಗೆ ನನ್ನದು.

ಮುಚ್ಚುವ ಮೊದಲು ಎರಡೂ ತಗಡುಗಳನ್ನು ಒಳಗೆ ಒಯ್ದು ಅಪ್ಪನ ಅಂಗೈಯಲ್ಲಿಟ್ಟೆ. ಯಾಕೆಂದು ಅವರು ಕೇಳಲಿಲ್ಲ. ಕಣ್ಣು ಹೋದರೂ ಉಗುರಿಗೆ ಇನ್ನೂ ಕಸುಬು ಗೊತ್ತಿದೆ. ಮೊದಲನೆಯದರ ಮೇಲೆ ಉಗುರಾಡಿಸಿ ತಮ್ಮದನ್ನು ಗುರುತಿಸಿದರು, ನನ್ನದನ್ನೂ ಗುರುತಿಸಿದರು. ಎರಡನೆಯದರ ಮೇಲೆ ಉಗುರು ಮೇಲಿಂದ ಕೆಳಕ್ಕೆ ಹೋಯಿತು, ಮತ್ತೆ ಮೇಲಕ್ಕೆ ಬಂದು ಚುಕ್ಕಿಯ ಹತ್ತಿರ ನಿಂತಿತು. ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಸವರಿದರು.

"ಇದು ಯಾರ ಗುರುತು?" ಎಂದು ಕೇಳಿದರು.